ಸ್ಕ್ರೂಡ್ರೈವರ್ ಕಿಸೆಯಲ್ಲೇ ಇರಲಿ

ತಮ್ಮಾ,

ನಿನ್ನೆ ಸಂಜೆ ನೀನು ಅತನೂರಿನಿಂದ ಫೋನ್ ಮಾಡಿದಾಗ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. “ಕಾಕಾ, ಒಂದ್ ಹಳೇ ಕಂಪ್ಯೂಟರ್ ರಿಪೇರಿಗಿ ಬಂದಾದ. ಸಿಡಿ ಡ್ರೈವೂ ಹೋಗ್ಯಾದ, ಸೌಂಡೂ ಹೋಗ್ಯಾದ. ಎಕ್ಸ್‌ಪಿ ಕಾಲದ್ದು. ಭಂಗಾರಕ್ಕ ಹಾಕ್ರಿ ಅಂತ ಹೇಳಿಬಿಡ್ಲೇನು?” ಅಂತ ಕೇಳಿದಿ. ಫೋನ್ ಇಡುವ ಹೊತ್ತಿಗೆ, ಹೇಳಲೋ ಬೇಡವೋ ಅನ್ನುವ ದನಿಯಲ್ಲಿ, “ಜೊತಿಗಿ ಒಂದ್ ಚೀಲ ಸಿಡಿ ಕೊಟ್ಟಾರ, ಅವರ ಅಪ್ಪಂದು ಭಜನಿ ಪದಾ ಅವ ಅಂತ ಅದರಾಗ” ಅಂದಿ. ಮೊದಲು ಹೇಳಬೇಕಾದದ್ದನ್ನು ಕೊನೆಗೆ ಹೇಳಿದಿ ನೋಡು. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಗುಜರಿ ಅನ್ನುವ ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಅಷ್ಟೇ. ನಮ್ಮ ಕಡೆ ಬಾಯಲ್ಲಿ ಅದೂ ಎಷ್ಟೋ ಸಲ ಕೇಳಿಸುವುದಿಲ್ಲ. ಹಾಗಾಗಿ ಭಂಗಾರದವನ ತಕ್ಕಡಿಗೆ ಕಳಿಸುವ ಮುಂಚೆ ಒಂದಿಷ್ಟು ಮಾತು ಹೇಳುತ್ತೇನೆ. ಫೋನಿನಲ್ಲಿ ಹೇಳಿದರೆ ನೀನು “ಹ್ಞೂಂ ಕಾಕಾ, ಹ್ಞೂಂ” ಅನ್ನುತ್ತಲೇ ಕ್ಯಾಬಿನೆಟ್ ಬಿಚ್ಚಿರುತ್ತೀ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಾನು ಈ ಕಸುಬಿಗೆ ಬಂದದ್ದು ರೇಡಿಯೊ ರಿಪೇರಿಯಿಂದ. ಗುಲಬರ್ಗಾದಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1966ರಲ್ಲಿ. ಆಮೇಲೆ ನಮ್ಮ ಹಳ್ಳಿಗಳಿಗೆ ಟ್ರಾನ್ಸಿಸ್ಟರ್ ಬಂದವು, ಬಂದವು ಕೆಟ್ಟವು, ಕೆಟ್ಟದ್ದರಿಂದ ನಮ್ಮಂಥವರಿಗೆ ರೊಟ್ಟಿ ಸಿಕ್ಕಿತು. ಎಂಬತ್ತರ ದಶಕದಲ್ಲಿ ನಾನು ಸೂಪರ್ ಮಾರ್ಕೆಟ್ಟಿನ ಒಂದು ದುಕಾನಿನಲ್ಲಿ ಉಸ್ತಾದರ ಕೈಕೆಳಗೆ ಕೂತೆ. ಮೊದಲ ಆರು ತಿಂಗಳು ಅವರು ನನ್ನ ಕೈಗೆ ಸ್ಕ್ರೂಡ್ರೈವರ್ ಕೊಡಲಿಲ್ಲ. ತಮ್ಮ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೆಟ್ಟು ಬಂದರೆ ಹಚ್ಚು, ಕೇಳು, ಎಲ್ಲಿ ಕೆಟ್ಟಿದೆ ಅಂತ ಬಾಯಿಂದ ಹೇಳು. ಹೇಳಿದ್ದು ಸರಿ ಅನ್ನಿಸಿದರೆ ಮಾತ್ರ ಕಿಸೆಗೆ ಕೈ ಹೋಗುತ್ತಿತ್ತು. ಗೊರ್ ಅನ್ನುವ ಸೆಟ್ಟಿನ ರೋಗ ಬೇರೆ, ಚಿಟಿಚಿಟಿ ಅನ್ನುವುದರದು ಬೇರೆ, ಸುಮ್ಮನೆ ಕೂತದ್ದರದು ಇನ್ನೂ ಬೇರೆ. ನನಗೆ ಆಗ ಸಿಟ್ಟು ಬರುತ್ತಿತ್ತು. ಆರು ತಿಂಗಳಲ್ಲಿ ಎರಡು ಸಲ ಊರಿಗೆ ಓಡಿಬಂದಿದ್ದೆ.

ನಿನ್ನ ಅಂಗಡಿಗೆ ಬಂದ ಕಂಪ್ಯೂಟರಿಗೂ ಅದೇ ಲೆಕ್ಕ. ಸಿಡಿ ಡ್ರೈವ್ ಹೋಗಿದೆ, ಸೌಂಡ್ ಹೋಗಿದೆ ಅಂತ ಎರಡು ತೀರ್ಪು ಕೊಟ್ಟಿಯಲ್ಲ, ಎರಡೂ ಒಂದೇ ದಿನ ಹೋಗುವುದು ಬಹಳ ಕಡಿಮೆ. ಒಂದೇ ಮನೆಯಲ್ಲಿ ಒಂದೇ ದಿನ ಇಬ್ಬರಿಗೆ ಹೊಟ್ಟೆ ಕೆಟ್ಟರೆ ಇಬ್ಬರೂ ಏನು ಉಂಡಿದ್ದರು ಅಂತ ಕೇಳುತ್ತೇವೆ, ಹೌದಲ್ಲೋ? ಇಲ್ಲೂ ಹಾಗೆ ಕೇಳು. ಗಿರಾಕಿಗೆ ಚಹಾ ತರಿಸಿ ಕೂಡಿಸು. ಕೊನೆಯ ಸಲ ಇದರಲ್ಲಿ ಹಾಡು ಕೇಳಿದ್ದು ಯಾವಾಗ, ಅಲ್ಲಿಂದ ಇಲ್ಲಿವರೆಗೆ ಏನೇನಾಯಿತು ಅಂತ ಕೇಳು. “ಏನೂ ಆಗಿಲ್ರೀ” ಅಂತಲೇ ಶುರು ಮಾಡುತ್ತಾರೆ. ಚಹಾ ಅರ್ಧ ಆಗುವ ಹೊತ್ತಿಗೆ ಒಂದೊಂದೇ ಹೊರಗೆ ಬರುತ್ತದೆ: ದಸರೆಗೆ ಮನೆಗೆ ಸುಣ್ಣ ಹೊಡೆಸಿದಾಗ ಪಡಸಾಲೆಯಿಂದ ಒಳಕೋಣೆಗೆ ಎತ್ತಿಟ್ಟರು, ವೈರುಗಳನ್ನು ಮೊಮ್ಮಗ ಜೋಡಿಸಿದ, ಆ ಕೋಣೆಯಲ್ಲಿ ತೊಗರಿ ಚೀಲ ಇವೆ, ತೊಗರಿ ಇದ್ದಲ್ಲಿ ಇಲಿ ಇವೆ. ಅರ್ಧ ರಿಪೇರಿ ಅಲ್ಲಿಗೆ ಮುಗಿಯಿತು. ಕ್ಯಾಬಿನೆಟ್ ತೆಗೆದಾಗ ಮೊದಲು ನೋಡಬೇಕಾದದ್ದು ಇಲಿ ಹಲ್ಲಿನ ಗುರುತು. ನಮ್ಮ ಸೀಮೆಯ ಕಂಪ್ಯೂಟರುಗಳನ್ನು ಕೆಡಿಸಿದ್ದರಲ್ಲಿ ವೈರಸ್ಸಿನ ಪಾಲು ಎಷ್ಟೋ ಗೊತ್ತಿಲ್ಲ, ಇಲಿಯ ಪಾಲು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ಸೌಂಡಿನ ಕಡೆ ನೋಡು. ಅದು ಅಗ್ಗ, ಬಹುಪಾಲು ಬಿಚ್ಚದೆಯೇ ತಿಳಿಯುತ್ತದೆ. ಸ್ಪೀಕರನ್ನು ಕಂಪ್ಯೂಟರಿನಿಂದ ಕಿತ್ತು ಮೊಬೈಲಿಗೆ ಹಚ್ಚಿ ನೋಡು. ನಿನ್ನ ಹೊಸ ಮೊಬೈಲಿಗೆ ಇಯರ್‌ಫೋನಿನ ತೂತೇ ಇಲ್ಲ ಅಂತ ಗೊತ್ತು. ಅದಕ್ಕೇ ಒಂದು ಹಳೆಯ ಬಟನ್ ಮೊಬೈಲನ್ನು ಅಂಗಡಿಯಲ್ಲಿ ಇಟ್ಟುಕೋ, ಮೀಟರಿನಷ್ಟೇ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಸ್ಪೀಕರ್ ಹಾಡಿದರೆ ಸ್ಪೀಕರ್ ಬಚಾವ್. ಇನ್ನು ಕಂಪ್ಯೂಟರಿನ ಹಿಂದಿನ ಮೂರು ತೂತು: ಹಸಿರು ಹೊರಗೆ ಬರುವ ಸದ್ದಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನ ಟೇಪು ಗೀಪಿನ ಸದ್ದು ಒಳಗೆ ಹೋಗಲಿಕ್ಕೆ. ಮೊಮ್ಮಗ ಜೋಡಿಸಿದ ಅಂದರೆ ನನ್ನ ಅಂದಾಜಿಗೆ ಪಿನ್ನು ಗುಲಾಬಿಯಲ್ಲಿದೆ. ಮಾನಿಟರಿನ ಮೂಲೆಯ ಸ್ಪೀಕರ್ ಚಿತ್ರ ಎರಡು ಸಲ ಒತ್ತಿ, ಮಾಸ್ಟರ್, ವೇವ್, ಸಿಡಿ ಅಂತ ಬರುವ ಪ್ರತಿ ಕಂಬದ ಕೆಳಗೆ ಮ್ಯೂಟ್ ಗುರುತು ಬಿದ್ದಿದೆಯೋ ಅಂತ ನೋಡು. ಮೇಲಿನದು ಒಂದೇ ನೋಡಿ “ವಾಲ್ಯೂಮ್ ಫುಲ್ ಅದ” ಅನ್ನುವವರೇ ಜಾಸ್ತಿ. ಸಿಡಿ ಕಂಬ ಬೇರೆಯೇ ಇರುತ್ತದೆ, ಅದು ಮುಚ್ಚಿದ್ದರೆ ಬೇರೆ ಎಲ್ಲ ಕೇಳಿಸುತ್ತದೆ, ಸಿಡಿ ಒಂದು ಕೇಳಿಸುವುದಿಲ್ಲ.

ವಿಂಡೋಸ್ ಶುರುವಾಗುವಾಗಿನ ರಾಗ ಬಂತೋ? ಬಂದರೆ ಸೌಂಡ್ ಕಾರ್ಡ್ ಜೀವಂತ ಇದೆ. ಡ್ರೈವರ್ ಇದೆ. ಅದನ್ನು ಮುಟ್ಟಬೇಡ. ಬರದಿದ್ದರೆ ಡಿವೈಸ್ ಮ್ಯಾನೇಜರ್ ತೆಗೆದು ಹಳದಿ ಗುರುತು ನೋಡು. ಸೌಂಡಿನ ಹೆಸರೇ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಬಯಾಸಿನಲ್ಲಿ ಯಾರೋ ಮುಚ್ಚಿರಬಹುದು, ಇಲ್ಲವೇ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಬಯಾಸಿಗೆ ಮರೆವು ಹತ್ತಿರಬಹುದು. ಗಡಿಯಾರ ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಿದರೆ ಬ್ಯಾಟರಿಯದೇ ಕಥೆ. 2032 ಅಂತ ನಂಬರು, ಮೂರು ವೋಲ್ಟು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಇನ್ನೊಂದು ಬಹಳ ಜನಕ್ಕೆ ತಿಳಿಯದ ವಿಷಯ: ಎಸಿ ತೊಂಬತ್ತೇಳು ಜಾತಿಯ ಹಳೆಯ ಬೋರ್ಡುಗಳಲ್ಲಿ ಮುಂದಿನ ಇಯರ್‌ಫೋನ್ ತೂತಿಗೆ ಹೋಗುವ ಪಿನ್ನುಗಳ ಮೇಲೆ ಎರಡು ಪುಟ್ಟ ಜಂಪರ್ ಟೋಪಿ ಇರುತ್ತವೆ. ಮುಂದಿನ ವೈರು ಜೋಡಿಸದೆ ಆ ಟೋಪಿಗಳನ್ನೂ ತೆಗೆದರೆ ಹಿಂದಿನ ಹಸಿರು ತೂತಿಗೆ ಸದ್ದು ಹೋಗುವ ದಾರಿಯೇ ಕಡಿಯುತ್ತದೆ. ಕ್ಯಾಬಿನೆಟ್ ಬದಲಿಸಿದವರು ಈ ಟೋಪಿಗಳನ್ನು ಕಳೆದುಹಾಕಿ, ಸೌಂಡ್ ಸುಟ್ಟಿದೆ ಅಂತ ಹೇಳಿ ಕಳಿಸಿದ್ದನ್ನು ನಾನು ನೋಡಿದ್ದೇನೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಎರಡು ಸಾವಿರದ ಆಚೀಚೆ, ನಾನು ರೇಡಿಯೊ ಬಿಟ್ಟು ಕಂಪ್ಯೂಟರ್ ಹಿಡಿದ ಹೊಸದು. ಒಬ್ಬ ಮಾಸ್ತರರು ಕಂಪ್ಯೂಟರ್ ತಂದರು. ವಿಂಡೋಸ್ ರಾಗ ಬರುತ್ತದೆ, ಆಟದ ಸದ್ದು ಬರುತ್ತದೆ, ಹಾಡಿನ ಸಿಡಿ ಹಾಕಿದರೆ ಮಾತ್ರ ಮೌನ. ಸೆಕೆಂಡಿನ ಅಂಕಿ ಓಡುತ್ತಿರುತ್ತದೆ, ದನಿ ಇಲ್ಲ. ನಾನು ದೊಡ್ಡ ಡಾಕ್ಟರನ ಹಾಗೆ ಸೌಂಡ್ ಕಾರ್ಡ್ ಬದಲಿಸಬೇಕು ಅಂದೆ. ಬದಲಿಸಿದೆ. ಹಾಡು ಬಂತು. ರೊಕ್ಕ ತಗೊಂಡೆ. ರಾತ್ರಿ ಹಳೆಯ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಅದೂ ಹಾಡುತ್ತದೆ! ಆಮೇಲೆ ತಿಳಿಯಿತು: ಆ ಕಾಲದ ಸಿಡಿ ಡ್ರೈವಿನ ಬೆನ್ನಿನಿಂದ ಸೌಂಡ್ ಕಾರ್ಡಿಗೆ ಒಂದು ತೆಳುವಾದ ನಾಲ್ಕು ಪಿನ್ನಿನ ವೈರು ಹೋಗುತ್ತದೆ. ಹಾಡಿನ ಸಿಡಿಯನ್ನು ಡ್ರೈವು ತಾನೇ ಓದಿ, ತಾನೇ ದನಿ ಮಾಡಿ, ಆ ತೆಳು ವೈರಿನಲ್ಲಿ ಕಳಿಸುತ್ತದೆ. ಅಗಲ ಪಟ್ಟಿಯ ಕೇಬಲ್ಲಿಗೂ ಆ ದನಿಗೂ ಸಂಬಂಧವಿಲ್ಲ. ಮಾಸ್ತರರ ಕಂಪ್ಯೂಟರಿನಲ್ಲಿ ಆ ವೈರು ಕಳಚಿಕೊಂಡಿತ್ತು. ಹೊಸ ಕಾರ್ಡ್ ಹಾಕುವಾಗ ನಾನು ನೋಡದೆಯೇ ಸರಿಯಾಗಿ ಚುಚ್ಚಿದ್ದೆ. ಅಷ್ಟೇ ಆದದ್ದು. ಆ ರೊಕ್ಕ ತಿರುಗಿ ಕೊಡಲು ಹೋಗುವ ಹೊತ್ತಿಗೆ ಅವರಿಗೆ ವರ್ಗವಾಗಿತ್ತು.

ಎಕ್ಸ್‌ಪಿಯಲ್ಲಿ ಆ ವೈರಿಲ್ಲದೆಯೂ ನಡೆಸಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಸಿಡಿ ಡ್ರೈವಿನ ಪ್ರಾಪರ್ಟೀಸ್ ತೆಗೆದರೆ ಡಿಜಿಟಲ್ ಸಿಡಿ ಆಡಿಯೊ ಅನ್ನುವ ಕಡೆ ಒಂದು ಟಿಕ್ ಹಾಕುವ ಜಾಗ ಇದೆ. ಹಾಕಿದರೆ ದನಿ ಅಗಲ ಕೇಬಲ್ಲಿನಲ್ಲೇ ಅಂಕಿಯಾಗಿ ಬರುತ್ತದೆ. ಬರೀ ಒಂದು ತೆಳು ವೈರಿಗಾಗಿ ಒಂದು ಕಾರ್ಡಿನ ರೊಕ್ಕ ವಸೂಲಿ ಮಾಡಿದವನು ನಿನ್ನ ಕಾಕಾ.

ಈ ತೆಳು ವೈರಿನ ಕಥೆಯಿಂದ ನಿನಗೆ ಒಂದು ಉಪಾಯ ಸಿಗುತ್ತದೆ. ಹಳೆಯ ಡ್ರೈವಿನ ಮುಖ ನೋಡು. ಇಯರ್‌ಫೋನಿನ ಒಂದು ತೂತು, ಪಕ್ಕದಲ್ಲಿ ತಿರುಗಿಸುವ ಸಣ್ಣ ಗಾಲಿ ಇರಬಹುದು. ಕೆಲವದಕ್ಕೆ ಪ್ಲೇ ಗುಂಡಿಯೂ ಇರುತ್ತದೆ. ಅಂಗಡಿಯಲ್ಲಿ ನಿನ್ನದೇ ಒಂದು ಒಳ್ಳೆಯ ಹಾಡಿನ ಸಿಡಿ ಇಟ್ಟುಕೋ, ಗಿರಾಕಿಯದಲ್ಲ. ಅದನ್ನು ಹಾಕಿ, ಇಯರ್‌ಫೋನನ್ನು ಡ್ರೈವಿನ ಮುಖಕ್ಕೇ ಚುಚ್ಚಿ, ಗುಂಡಿ ಒತ್ತು. ಹಾಡು ಕೇಳಿಸಿದರೆ ಡ್ರೈವು ಬೇಶಿದೆ, ಕಣ್ಣು ಬೇಶಿದೆ, ಮೋಟಾರು ಬೇಶಿದೆ. ವಿಂಡೋಸ್ ಬೇಡ, ಕಾರ್ಡ್ ಬೇಡ, ಡ್ರೈವರ್ ಬೇಡ, ಕರೆಂಟ್ ಒಂದು ಇದ್ದರೆ ಸಾಕು. ಆಮೇಲೆ ಹುಡುಕಬೇಕಾದದ್ದು ದಾರಿಯಲ್ಲಿ ಮಾತ್ರ. ಉಸ್ತಾದರು ಇದನ್ನು ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದರೋ. ಅವರು ಸಿಡಿ ಕಾಲ ಬರುವ ಮುಂಚೆಯೇ ದುಕಾನು ಮುಚ್ಚಿದರು.

ಡ್ರೈವು ತೆರೆಯುತ್ತಲೇ ಇಲ್ಲ ಅಂತಿಟ್ಟುಕೋ. ಗುಂಡಿ ಒತ್ತಿ ಕಿವಿ ಹತ್ತಿರ ಹಿಡಿ. ಏನೂ ಸಪ್ಪಳ ಇಲ್ಲ, ದೀಪವೂ ಇಲ್ಲ ಅಂದರೆ ಕರೆಂಟ್ ಬಂದಿಲ್ಲ. ನಾಲ್ಕು ಪಿನ್ನಿನ ದಪ್ಪ ಪ್ಲಗ್ಗು ಕಳಚಿದೆ ಇಲ್ಲವೇ ಇಲಿ ಕಡಿದಿದೆ. ಅದರಲ್ಲಿ ಹಳದಿ ವೈರು ಹನ್ನೆರಡು ವೋಲ್ಟು, ಕೆಂಪು ಐದು, ನಡುವಿನ ಎರಡು ಕಪ್ಪು. ಕೆಂಪು ಇದ್ದು ಹಳದಿ ಇಲ್ಲದಿದ್ದರೆ ದೀಪ ಹತ್ತುತ್ತದೆ, ತಟ್ಟೆ ಬರುವುದಿಲ್ಲ. ಒಳಗೆ ಗುಂಯ್ ಅಂತ ಮೋಟಾರು ತಿರುಗುವ ಸಪ್ಪಳ ಬಂದು ತಟ್ಟೆ ಬರದಿದ್ದರೆ, ಅದು ರಬ್ಬರ್ ಬೆಲ್ಟು. ಟೇಪ್‌ರೆಕಾರ್ಡರಿನ ಬೆಲ್ಟಿನದೇ ತಂಗಿ ಇದು. ವರ್ಷಗಟ್ಟಲೆ ಸುಮ್ಮನೆ ಕೂತು, ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಬೆಂದು ಸಡಿಲಾಗುತ್ತದೆ, ಪುಲ್ಲಿಯ ಮೇಲೆ ಜಾರುತ್ತದೆ. ಮುಖದ ಮೇಲೆ ಒಂದು ಸೂಜಿತೂತು ಇರುತ್ತದೆ ನೋಡು. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಕಾಗದದ ಕ್ಲಿಪ್ಪನ್ನು ನೆಟ್ಟಗೆ ಮಾಡಿ ತೂರಿಸು, ಮೆಲ್ಲಗೆ ಒತ್ತು, ತಟ್ಟೆ ಒಂದು ಬೆರಳು ಮುಂದೆ ಬರುತ್ತದೆ. ಉಳಿದದ್ದು ಕೈಯಿಂದ ಎಳೆ. ಒಳಗೆ ಸಿಡಿ ಸಿಕ್ಕಿಕೊಂಡಿದ್ದರೆ ಇದೇ ದಾರಿ. ಚಾಕು ಹಾಕಿ ಮೀಟುವುದನ್ನು ಬಿಡು.

ಬೆಲ್ಟು ಅಂಗಡಿಯಲ್ಲಿ ಸಿಗದಿದ್ದರೆ ಟೇಪಿನವರ ಹಳೆಯ ಉಪಾಯ: ಕುದಿಯುವ ನೀರಿನಲ್ಲಿ ಎರಡು–ಮೂರು ನಿಮಿಷ ಮುಳುಗಿಸಿ, ಒರೆಸಿ, ಒಣಗಿಸಿ, ಪುಲ್ಲಿಯ ಎಣ್ಣೆ ಜಿಡ್ಡು ಒರೆಸಿ ಹಾಕು. ರಬ್ಬರು ಸ್ವಲ್ಪ ಬಿಗಿಯಾಗುತ್ತದೆ. ಕಾಯಮ್ ಅಲ್ಲ. ನಿನಗೆ ಬೇಕಿರುವುದು ಚೀಲದ ಸಿಡಿ ಓದುವಷ್ಟು ದಿನ ಮಾತ್ರ.

ತಟ್ಟೆ ಬಂತು, ಹೋಯಿತು, ಸಿಡಿ ಒಳಗೆ ತಿರುಗಿ ತಿರುಗಿ, ಟಕ್ ಟಕ್ ಅಂದು, “ಸಿಡಿ ಹಾಕಿ” ಅಂತಲೇ ಅನ್ನುತ್ತಿದೆ ಅಂದರೆ ಅದಕ್ಕೆ ಕಣ್ಣು ಕಾಣುತ್ತಿಲ್ಲ. ಗಾಜಿನ ಹನಿಯಂಥ ಲೆನ್ಸ್ ಒಂದು ಇದೆ, ಅದರ ಮೇಲೆ ಎರೆಮಣ್ಣಿನ ಧೂಳು, ತೊಗರಿ ರಾಶಿಯ ಹೊಟ್ಟಿನ ಧೂಳು. ಅತನೂರಿನ ಅಂಗಡಿಗೆ ಬಂದ ಡ್ರೈವಿನಲ್ಲಿ ಇದಿಲ್ಲದೆ ಇನ್ನೇನಿರಬೇಕು? ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ತೊಟ್ಟು ಹಾಕಿ, ಹಸುಗೂಸಿನ ಕಣ್ಣು ಒರೆಸಿದ ಹಾಗೆ ಒರೆಸು. ಲೆನ್ಸು ಕೂದಲಿನಂಥ ತಂತಿಯ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಮುಗಿಯಿತು. ಬಾಯಿಂದ ಊದಬೇಡ, ಎಂಜಲು ಹಾರುತ್ತದೆ, ನೀನು ಬೇರೆ ಗುಟ್ಕಾ ಬಿಟ್ಟೆ ಅಂತ ಹೇಳಿ ಇನ್ನೂ ಬಿಟ್ಟಿಲ್ಲ. ಡ್ರೈವು ಬಿಚ್ಚಿಟ್ಟು ಕರೆಂಟ್ ಕೊಟ್ಟು ಲೆನ್ಸಿನೊಳಗೆ ಇಣುಕಬೇಡ. ಸಿಡಿಯ ಲೇಸರ್ ಏಳುನೂರ ಎಂಬತ್ತು ನ್ಯಾನೊಮೀಟರಿನದು, ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಕಾಣುವುದಿಲ್ಲ ಅಂತ ಸುಡದೆ ಬಿಡುವುದಿಲ್ಲ. ಲೆನ್ಸಿನ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿದರೆ ಲೇಸರ್ ಜೋರಾಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಜೋರೇನೋ ಆಗುತ್ತದೆ, ಮುದುಕನಿಗೆ ಇಂಜೆಕ್ಷನ್ ಕೊಟ್ಟು ಓಡಿಸಿದ ಹಾಗೆ. ಅದನ್ನು ಎಲ್ಲ ದಾರಿ ಮುಗಿದ ಮೇಲೆ, ಡ್ರೈವು ಹೇಗೂ ಭಂಗಾರಕ್ಕೇ ಅಂತ ಖಾತ್ರಿಯಾದ ಮೇಲೆ ಬೇಕಾದರೆ ಮಾಡಿ ನೋಡು.

ವಿಂಡೋಸ್ ಕಡೆಯ ತಂಟೆಗಳು ಎರಡೇ ಹೇಳುತ್ತೇನೆ, ಉಳಿದದ್ದು ನಿನಗೇ ಗೊತ್ತು. ಹಾಡು ತಡವರಿಸಿ ತಡವರಿಸಿ, ತೊದಲುವವನ ಹಾಗೆ ಬಂದರೆ ಸೌಂಡನ್ನು ಬೈಯಬೇಡ. ಅಗಲ ಕೇಬಲ್ಲಿನಲ್ಲಿ ತಪ್ಪು ಓದು ಆದಾಗಲೆಲ್ಲ ಎಕ್ಸ್‌ಪಿ ಲೆಕ್ಕ ಇಟ್ಟುಕೊಳ್ಳುತ್ತದೆ. ಆರು ತಪ್ಪಾದರೆ ವೇಗ ಒಂದು ಮೆಟ್ಟಿಲು ಇಳಿಸುತ್ತದೆ. ಹೀಗೆ ಇಳಿದು ಇಳಿದು ಡಿಎಂಎ ಬಿಟ್ಟು ಪಿಐಒ ಅನ್ನುವ ಎತ್ತಿನ ಗಾಡಿಗೆ ಬಂದು ನಿಲ್ಲುತ್ತದೆ, ತಾನಾಗಿ ಮತ್ತೆ ಮೇಲೆ ಹತ್ತುವುದಿಲ್ಲ. ಗೀರು ಬಿದ್ದ ಒಂದೇ ಸಿಡಿ ಸಾಕು ಇಷ್ಟು ಮಾಡಲಿಕ್ಕೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಶುರುಮಾಡು, ಹಳೆಯ ಲೆಕ್ಕ ಅಳಿಸಿ ಹೊಸದಾಗಿ ಎಣಿಸುತ್ತದೆ. ಎರಡನೆಯದು: ಡ್ರೈವಿನ ಹೆಸರು ಪಟ್ಟಿಯಲ್ಲಿದೆ, ಮೇಲೆ ಹಳದಿ ಗುರುತು, ಮೂವತ್ತೊಂಬತ್ತನೆಯ ನಂಬರಿನ ದೋಷ ಅನ್ನುತ್ತದೆ, ಮೈ ಕಂಪ್ಯೂಟರಿನಲ್ಲಿ ಮಾತ್ರ ಡ್ರೈವೇ ಇಲ್ಲ. ಸಿಡಿ ಬರೆಯುವ ಯಾವುದೋ ಸಾಫ್ಟ್‌ವೇರನ್ನು ಕಿತ್ತುಹಾಕಿದಾಗ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅನ್ನುವ ಬಾಲ ಉಳಿದಿರುತ್ತದೆ. ಸಿಡಿ ಡ್ರೈವಿನ ವಿಭಾಗದಲ್ಲಿರುವ ಆ ಎರಡನ್ನು ಮಾತ್ರ, ರಿಜಿಸ್ಟ್ರಿಯ ನಕಲು ಇಟ್ಟುಕೊಂಡು, ಅಳಿಸಬೇಕು. ನೆನಪಿರಲಿ, ಅದೇ ಹೆಸರಿನವು ಬೇರೆ ವಿಭಾಗದಲ್ಲೂ ಇರುತ್ತವೆ. ಕೀಬೋರ್ಡಿನದನ್ನು ಅಳಿಸಿ ಕೂತ ಹುಡುಗನನ್ನು ನಾನು ನೋಡಿದ್ದೇನೆ. ಪಾಸ್‌ವರ್ಡ್ ಹೊಡೆಯಲಿಕ್ಕೂ ಕೀಲಿ ಇರಲಿಲ್ಲ ಅವನಿಗೆ.

ಇಷ್ಟು ಹೊತ್ತು ಡಬ್ಬಿಯ ಮಾತಾಯಿತು. ಖರೇ ಹೇಳಬೇಕಂದರೆ ನನಗೆ ಆ ಡಬ್ಬಿಯ ಚಿಂತೆ ಇಲ್ಲ. ನಿನ್ನ ಗಿರಾಕಿ ತಂದದ್ದು ಕಂಪ್ಯೂಟರನ್ನಲ್ಲ. ಅವನು ತಂದದ್ದು ಆ ಚೀಲ. ಕಂಪ್ಯೂಟರನ್ನು ಹೊತ್ತು ತಂದದ್ದು ಚೀಲದಲ್ಲಿರುವುದನ್ನು ಕೇಳಲಿಕ್ಕೆ ತನ್ನ ಮನೆಯಲ್ಲಿ ಇರುವುದು ಅದೊಂದೇ ಅಂತ.

ಆ ಪದಗಳು ಯಾವುವು ಅಂತ ನಾನು ಊಹಿಸಬಲ್ಲೆ. ನಮ್ಮ ಕಡೆ ಅಮಾವಾಸ್ಯೆ ರಾತ್ರಿ, ಶ್ರಾವಣದ ಸೋಮವಾರ, ಏಕತಾರಿ ದಮ್ಮಡಿ ಹಿಡಿದು ಗುಡಿಯಲ್ಲಿ ಕೂತರೆ ಬೆಳ್ಳಿ ಮೂಡುವ ತನಕ ಕಡಕೋಳ ಮಡಿವಾಳಪ್ಪನವರ ತತ್ವಪದ. ಯಾರೋ ಹೊಟೇಲಿನವನೋ ಮಾಸ್ತರನೋ ಟೇಪಿನಲ್ಲಿ ಹಿಡಿದಿರುತ್ತಾನೆ. ಎರಡು ಸಾವಿರದ ಮೇಲೆ ಅಫಜಲಪುರಕ್ಕೋ ಗುಲಬರ್ಗಾಕ್ಕೋ ಹೋಗಿ ಕ್ಯಾಸೆಟ್ಟನ್ನು ಸಿಡಿಗೆ ಇಳಿಸಿಕೊಂಡು ಬಂದಿರುತ್ತಾರೆ. ಕ್ಯಾಸೆಟ್ಟನ್ನು ಆಮೇಲೆ ಮಕ್ಕಳು ಎಳೆದು ಗಿಡಕ್ಕೆ ತೋರಣ ಕಟ್ಟಿರುತ್ತಾರೆ. ಅಂಗಡಿಯಲ್ಲಿ ಮಾರುವ ಸಿಡಿ ಒಂದು ಹೋದರೆ ಇನ್ನೊಂದು ಸಿಕ್ಕೀತು. ಇದಕ್ಕೆ ಎರಡನೆಯ ಪ್ರತಿ ಇಲ್ಲ.

ಅದಕ್ಕೇ ಕೇಳು. ಡ್ರೈವು ಸರಿಯಾಯಿತು ಅಂತ ಖಾತ್ರಿಯಾಗುವ ತನಕ ಆ ಚೀಲದ ಒಂದು ಸಿಡಿಯನ್ನೂ ನಿನ್ನ ಅನುಮಾನದ ಡ್ರೈವಿಗೆ ಹಾಕಬೇಡ. ಐವತ್ತೆರಡು ಪಟ್ಟು ವೇಗದ ಡ್ರೈವು ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗಿಸುತ್ತದೆ. ನಡುವಿನ ತೂತಿನ ಹತ್ತಿರ ಕೂದಲೆಳೆಯಷ್ಟು ಸೀಳಿದ್ದರೂ ಒಳಗೇ ಚೂರುಚೂರು ಆಗಬಹುದು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡು. ಎಲ್ಲರೂ ಹೊಳೆಯುವ ಮೈ ಕಾಪಾಡಿ ಹೆಸರು ಬರೆದ ಮೈಯನ್ನು ನೆಲಕ್ಕೆ ಉಜ್ಜುತ್ತಾರೆ. ಅದು ತಲೆಕೆಳಗಿನ ಬುದ್ಧಿ. ಸಿಡಿಯ ದಪ್ಪ 1.2 ಮಿಲಿಮೀಟರ್. ಹೊಳೆಯುವ ಕಡೆಯಿಂದ ಇಡೀ ಪ್ಲಾಸ್ಟಿಕ್ಕು ದಾಟಿ ಬೆಳಕು ಹೋಗಬೇಕು, ದನಿ ಇರುವುದು ಆಚೆ ತುದಿಯಲ್ಲಿ, ಹೆಸರು ಬರೆದ ಮೈಯ ವಾರ್ನಿಷ್ ಪದರದ ಕೆಳಗೇ. ಹೊಳೆಯುವ ಕಡೆ ಗೀರು ಬಿದ್ದರೆ ಕನ್ನಡಕಕ್ಕೆ ಗೀರು ಬಿದ್ದಂತೆ, ಹೆಸರಿನ ಕಡೆ ಬಿದ್ದರೆ ಕಣ್ಣಿಗೇ ಬಿದ್ದಂತೆ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತುಗಳಲ್ಲಿ ಬೆಳಕು ತೂರಿಬಂದರೆ ಅಲ್ಲಿ ಹಾಡಿಲ್ಲ, ಯಾವ ಪಾಲಿಷ್ ಹಾಕಿದರೂ ಇಲ್ಲ. ಡಿವಿಡಿ ಹಾಗಲ್ಲ, ಅದರಲ್ಲಿ ಎರಡು ತೆಳು ಹಾಳೆಗಳ ನಡುವೆ ಅಡಗಿರುತ್ತದೆ.

ಒರೆಸುವುದು ಹತ್ತಿಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೆಟ್ಟಗೆ. ಗಂಗಾಳ ತಿಕ್ಕಿದ ಹಾಗೆ ಸುತ್ತ ಸುತ್ತ ಒರೆಸಬೇಡ. ಕಾರಣ ಹೇಳುತ್ತೇನೆ, ಹೇಳದಿದ್ದರೆ ನೀನು ಮರೆಯುತ್ತೀ. ಸಿಡಿಯಲ್ಲಿ ಹಾಡು ಒಂದೇ ಸುರುಳಿ ದಾರ, ಒಳಗಿನಿಂದ ಹೊರಗೆ ಸುತ್ತಿದ್ದು, ಬಿಚ್ಚಿದರೆ ಐದು ಕಿಲೊಮೀಟರಿಗೂ ಉದ್ದ. ಸುತ್ತಿನಿಂದ ಸುತ್ತಿಗೆ ಅಂತರ ಮಿಲಿಮೀಟರಿನ ಸಾವಿರದ ಒಂದೂವರೆ ಪಾಲು. ಒಂದು ಕೂದಲಿನ ಅಗಲದಲ್ಲಿ ಮೂವತ್ತು–ನಲವತ್ತು ಸುತ್ತು ಹಿಡಿಸುತ್ತವೆ. 1982ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಸೋನಿ–ಫಿಲಿಪ್ಸ್ ಕಂಪನಿಯವರು ಒಂದು ಜಾಣತನ ಮಾಡಿದ್ದಾರೆ: ಹಾಡಿನ ಅಂಕಿಗಳನ್ನು ಸಾಲಾಗಿ ಬರೆಯದೆ, ಚೆಲ್ಲಾಪಿಲ್ಲಿ ಹರಡಿ, ನಡುವೆ ತಾಳೆ ನೋಡುವ ಅಂಕಿಗಳನ್ನೂ ಸೇರಿಸಿ ಬರೆದಿದ್ದಾರೆ. ದಾರದ ಎರಡೂವರೆ ಮಿಲಿಮೀಟರ್ ಹಾಳಾದರೂ ಉಳಿದದ್ದರಿಂದ ಅದನ್ನು ಲೆಕ್ಕ ಹಾಕಿ ತುಂಬಿಸಿಕೊಳ್ಳುತ್ತದೆ. ಅಡ್ಡ ಗೀರು ಬಿದ್ದರೆ ಪ್ರತಿ ಸುತ್ತಿನಲ್ಲಿ ಒಂದೊಂದು ಚೂರು ಹೋಗುತ್ತದೆ, ತುಂಬಿಸಿಕೊಳ್ಳಬಹುದು. ದಾರದ ಉದ್ದಕ್ಕೇ ಗೀರು ಬಿದ್ದರೆ ಮಾರುಗಟ್ಟಲೆ ಹೋಗುತ್ತದೆ, ತುಂಬಿಸಲು ಅಕ್ಕಪಕ್ಕ ಏನೂ ಉಳಿದಿರುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಮಾತು ಕೇಳಿರುತ್ತೀ. ಗೀರಿಗೆ ಪಾಲಿಷ್ ಆಗುವುದುಂಟು, ಹೊಸ ಗೀರು ಹುಟ್ಟುವುದೂ ಉಂಟು. ಎರಡನೆಯ ಪ್ರತಿ ಇಲ್ಲದ ಸಿಡಿಗೆ ಹಚ್ಚುವ ಮುಂಚೆ, ಎರಡು–ಮೂರು ಬೇರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡು. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ಯುಎಸ್‌ಬಿಯಿಂದ ಹಚ್ಚುವ ಒಂದು ಡಿವಿಡಿ ಡ್ರೈವು ಅಂಗಡಿಗೆ ತಗೋ, ನನ್ನ ಲೆಕ್ಕದಲ್ಲಿ ಬರೆದುಕೋ ಬೇಕಾದರೆ.

ಮನೆಯಲ್ಲಿ ಬರೆದ ಸಿಡಿಗೆ ಇನ್ನೊಂದು ಕೇಡು ಬಿಸಿಲು. ಅದರಲ್ಲಿ ಅಂಗಡಿಯಲ್ಲಿ ಮಾರುವ ಸಿಡಿಯ ಸಣ್ಣ ತಗ್ಗುಗಳ ಬದಲು ಬಣ್ಣದ ಒಂದು ಪದರ ಇರುತ್ತದೆ, ಲೇಸರ್ ಅದನ್ನು ಸುಟ್ಟು ಬರೆದಿರುತ್ತದೆ. ಕಿಟಕಿಯಲ್ಲಿಟ್ಟರೆ ಅಂಗಿಯ ಬಣ್ಣದ ಹಾಗೆ ಅದೂ ಮಾಸುತ್ತದೆ. ಆದ್ದರಿಂದ ಇದನ್ನು ಮುಂದಿನ ವಾರ ನೋಡೋಣ ಅಂತ ಕೌಂಟರಿನ ಮೇಲೆ ಬಿಡಬೇಡ. ನಿನ್ನ ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ.

ಈಗ ಒಂದು ಮೋಸದ ಜಾಗ. ಸಿಡಿ ತೆರೆದರೆ ಟ್ರ್ಯಾಕ್ 1, ಟ್ರ್ಯಾಕ್ 2 ಅಂತ ಫೈಲು ಕಾಣುತ್ತವೆ, ಕೊನೆಯಲ್ಲಿ ಸಿಡಿಎ ಅಂತ ಇರುತ್ತದೆ. ಹುಡುಗರು ಅವನ್ನು ಪೆನ್‌ಡ್ರೈವಿಗೆ ಎಳೆದು ಹಾಕುತ್ತಾರೆ, ಕಣ್ಣು ಮಿಟುಕಿಸುವುದರೊಳಗೆ ಕಾಪಿ ಆಗುತ್ತದೆ, “ಆಯ್ತು ನೋಡ್ರಿ ಮುತ್ಯಾ” ಅಂತ ಕೊಟ್ಟು ಕಳಿಸುತ್ತಾರೆ. ಆ ಫೈಲಿನಲ್ಲಿ ಹಾಡಿಲ್ಲ ತಮ್ಮಾ. ಅದು ನಲವತ್ತನಾಲ್ಕು ಬೈಟಿನ ಒಂದು ಚೀಟಿ, ಹಾಡು ಸಿಡಿಯ ಇಂಥ ಜಾಗದಲ್ಲಿ ಶುರುವಾಗುತ್ತದೆ ಅಂತ ಬರೆದದ್ದು. ಮನೆಯ ವಿಳಾಸ ಬರೆದುಕೊಂಡು ಮನೆಯೇ ತಂದೆ ಅಂದ ಹಾಗೆ. ಒಂದು ಹಳ್ಳಿಯಲ್ಲಿ ಹೀಗೆ ಕಾಪಿ ಆಯಿತೆಂದು ಸಿಡಿಗಳನ್ನು ಹೊಲದಲ್ಲಿ ಗುಬ್ಬಿ ಓಡಿಸಲು ಕಟ್ಟಿಬಿಟ್ಟರು. ಜೋಳ ಉಳಿಯಿತು.

ಹಾಡಿನ ಸಿಡಿಯನ್ನು ಕಾಪಿ ಮಾಡುವುದಲ್ಲ, ಇಳಿಸುವುದು. ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ, ಓದಿದ್ದು ತಾಳೆಯಾಗುವ ತನಕ ಬಿಡುವುದಿಲ್ಲ. ಒಂದು ಸಿಡಿಗೆ ಒಂದೊಂದು ಸಲ ಒಂದು ಇಡೀ ರಾತ್ರಿ ಹಿಡಿಯುತ್ತದೆ, ಹಿಡಿಯಲಿ. ವೇಗ ಕಡಿಮೆ ಇಡು. ಮೊದಲು ವೇವ್ ಫೈಲಾಗಿಯೇ ಇಳಿಸಿಕೋ, ಎಂಪಿ3 ಆಮೇಲೆ ಅದರಿಂದ ಮಾಡು. ಎಂಬತ್ತು ನಿಮಿಷದ ಸಿಡಿಗೆ ಎಂಟುನೂರು ಎಂಬಿಗೂ ಮೇಲೆ ಆಗುತ್ತದೆ, ಇಪ್ಪತ್ತು ಸಿಡಿ ಹದಿನಾರು ಜಿಬಿಯ ಪೆನ್‌ಡ್ರೈವಿನಲ್ಲಿ ಹಿಡಿಸಲಿಕ್ಕಿಲ್ಲ, ಅದಕ್ಕಿಂತ ದೊಡ್ಡದೇ ತಗೋ. ಅದಕ್ಕೆ ಯಾಕೆ ಜಿಪುಣತನ? ಕೆಲವು ಸಿಡಿಗಳಲ್ಲಿ ಎಂಪಿ3 ಫೈಲುಗಳೇ ಇದ್ದರೆ ಅವನ್ನು ಎಳೆದು ಹಾಕಬಹುದು, ಆದರೆ ಅಲ್ಲಿ ಇನ್ನೊಂದು ವಿಚಿತ್ರ ಇದೆ. ಹಾಡಿನ ಸಿಡಿಯಲ್ಲಿ ತಪ್ಪಾದರೆ ಡ್ರೈವು ಅಂದಾಜಿನ ಮೇಲೆ ಒಂದು ದನಿ ತುಂಬಿಸಿ ಮುಂದೆ ಹೋಗುತ್ತದೆ, ಚಟ್ ಅಂದರೂ ಹಾಡು ನಿಲ್ಲುವುದಿಲ್ಲ. ಫೈಲಿನ ಸಿಡಿಯಲ್ಲಿ ಅಂದಾಜು ನಡೆಯುವುದಿಲ್ಲ, ಒಂದು ಅಂಕಿ ಸಿಗದಿದ್ದರೆ ಇಡೀ ಫೈಲನ್ನೇ ಕೊಡುವುದಿಲ್ಲ ಅಂತ ಹಟ ಹಿಡಿಯುತ್ತದೆ. ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಅಂತ ಒಂದು ಬೈಗುಳ ಬರುತ್ತದಲ್ಲ, ಅದೇ ಇದು. ಆಗ ಆ ಫೈಲು ಬಿಟ್ಟು ಉಳಿದವನ್ನು ಒಂದೊಂದಾಗಿ ತೆಗೆ, ಹಟಮಾರಿಯನ್ನು ಕೊನೆಗೆ ಬೇರೆ ಡ್ರೈವಿನಲ್ಲಿ ನೋಡು.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡೆಯ ಹಳ್ಳಿಗಳಿಗೆಲ್ಲ ನೀರು ನುಗ್ಗಿದ ಮೇಲೆ ನನ್ನ ಹತ್ತಿರ ನೀರಲ್ಲಿ ನೆನೆದ ಕಂಪ್ಯೂಟರುಗಳು, ಸಿಡಿಗಳು ಬಂದವು. ಕೆಲವರು ಮಣ್ಣು ಒರೆಸಿ, ನಡೆಯುತ್ತದೋ ನೋಡೋಣ ಅಂತ ಸ್ವಿಚ್ ಹಾಕಿಬಿಟ್ಟಿದ್ದರು. ಅವು ಉಳಿಯಲಿಲ್ಲ. ಆದರೆ ಟ್ರಂಕಿನಲ್ಲಿ ಎರಡು ದಿನ ನೀರು ಕುಡಿದ ಸಿಡಿಗಳನ್ನು ತಿಳಿನೀರಿನಲ್ಲಿ ಅದ್ದಿ, ಮಣ್ಣು ತಾನಾಗಿ ಬಿಡುವ ತನಕ ಬಿಟ್ಟು, ನೆರಳಲ್ಲಿ ಒಣಗಿಸಿದರೆ ಬಹಳಷ್ಟು ಹಾಡಿದವು. ಮದುವೆಯ ಸಿಡಿಗಳು ಹೆಚ್ಚು. ಮನೆಯ ಗೋಡೆ ಬಿದ್ದದ್ದಕ್ಕೆ ಅಳದ ಒಬ್ಬಾಕೆ ಆ ಮದುವೆಯ ಶಹನಾಯಿ ಕೇಳಿ ಅತ್ತಳು. ಅವತ್ತು ನಾನು ಯಾರ ಹತ್ತಿರವೂ ರೊಕ್ಕ ತಗೊಂಡಿಲ್ಲ. ನೀನು ಪ್ರತಿಸಲ ಹಾಗೆ ಮಾಡು ಅಂತ ಹೇಳುವುದಿಲ್ಲ, ನಿನಗೆ ಅಂಗಡಿ ಬಾಡಿಗೆ ಇದೆ.

ರೊಕ್ಕದ ಮಾತು ಬಂತು ಅಂತ ಹೇಳುತ್ತೇನೆ. ಶುರುವಿಗೇ ಹೇಳಿಬಿಡು: ನೋಡುವುದಕ್ಕೆ ಇಷ್ಟು, ಒಂದು ಸಿಡಿ ಇಳಿಸಿದರೆ ಇಷ್ಟು, ಇಳಿಯದ ಸಿಡಿಗೆ ಏನೂ ಇಲ್ಲ. ಬೆಲ್ಟನ್ನು ಬಿಸಿನೀರಿಗೆ ಹಾಕಿದ್ದಕ್ಕೆ ಹೊಸ ಡ್ರೈವಿನ ರೊಕ್ಕ ತಗೋಬೇಡ. ಗುಲಾಬಿ ತೂತಿನಿಂದ ಹಸಿರಿಗೆ ಪಿನ್ನು ಬದಲಿಸಿದ್ದಕ್ಕೆ ಏನೂ ತಗೋಬೇಡ, ಚಹಾ ಅವರೇ ಕೊಡಿಸುತ್ತಾರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿ ಕೈಬಿಟ್ಟದ್ದು 2014ರ ಏಪ್ರಿಲ್ 8ಕ್ಕೆ. ಹಾಗಾಗಿ ಆ ಕಂಪ್ಯೂಟರಿಗೆ ಇಂಟರ್‌ನೆಟ್ ಜೋಡಿಸಿ ಕೊಡು ಅಂದರೆ ಬೇಡ ಅನ್ನು. ಹಾಡು ಕೇಳಲಿಕ್ಕೆ ಮಾತ್ರ ಇರಲಿ. “ಮೊಬೈಲಿಗೇ ಹಾಕಿಕೊಟ್ಟರೆ ಆಯ್ತಲ್ಲ ಕಾಕಾ, ಆ ಡಬ್ಬಿ ಯಾಕ?” ಅನ್ನುತ್ತೀ. ಮೊಬೈಲಿಗೂ ಹಾಕಿಕೊಡು. ಆದರೆ ಅವರ ಅಪ್ಪ ಅದೇ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೇಳಿರಬಹುದು. ಅದನ್ನು ಇಡಬೇಕೋ ಮಾರಬೇಕೋ ಅನ್ನುವುದು ಅವರ ಮನೆಯ ಮಾತು, ರಿಪೇರಿಯವನದಲ್ಲ.

ಇಳಿಸಿದ ಫೈಲುಗಳಿಗೆ ಟ್ರ್ಯಾಕ್ 1, ಟ್ರ್ಯಾಕ್ 2 ಅಂತ ಬಿಡಬೇಡ. ಗಿರಾಕಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೇಳುತ್ತಾ ಕೇಳುತ್ತಾ ಹೆಸರು ಬರೆ: ಹಾಡಿದವರು ಯಾರು, ಯಾವ ಗುಡಿ, ಯಾವ ವರ್ಷದ ಶ್ರಾವಣ, ದಮ್ಮಡಿ ಯಾರದು. ಅವನಿಗೆ ಗೊತ್ತಿಲ್ಲದ್ದು ಊರಿನ ಯಾರಾದರೂ ಮುತ್ಯಾನಿಗೆ ಗೊತ್ತಿರುತ್ತದೆ, ಇನ್ನು ಕೆಲವು ವರ್ಷ. ಮೊದಲ ಸಿಡಿ ಇಳಿದ ಮೇಲೆ ನನಗೂ ಒಂದು ಪದ ಕಳಿಸು.

ಇವತ್ತು ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದುಕೋ, ಫ್ಯಾನ್ ಬಂದ್ ಮಾಡು, ಡ್ರೈವಿನ ಗುಂಡಿ ಒಂದು ಸಲ ಒತ್ತು. ಗುಂಯ್ ಅಂತೋ, ಟಕ್ ಟಕ್ ಅಂತೋ, ಸುಮ್ಮನಿತ್ತೋ, ನಾಳೆ ಬೆಳಿಗ್ಗೆ ಫೋನ್ ಮಾಡಿ ಅಷ್ಟು ಹೇಳು.